ಗವಿಗೆ ನಡೆದ ದಾದಾಸಾಹೇಬ

ಕಾಗವಾಡದ ಸುತ್ತಲಿನ ಊರುಗಳಲ್ಲಿ, ಮನೆ ಮುಂದೆ ಬೈಕು ನಿಂತಿದ್ದೂ ಒಬ್ಬ ಗಂಡಸು ರಸ್ತೆಯ ಮೇಲೆ ನಡೆದುಕೊಂಡು ಹೊರಟರೆ ಅದಕ್ಕೆ ಎರಡೇ ಕಾರಣಗಳಿರುತ್ತವೆ. ಒಂದು, ಅವನಿಗೆ ಸಕ್ಕರೆ ಕಾಯಿಲೆ ಬಂದಿದೆ. ಎರಡು, ಅವನು ದೇವರಿಗೆ ಹರಕೆ ಹೊತ್ತಿದ್ದಾನೆ. ಮೂರನೆಯ ಕಾರಣವೊಂದಿರಬಹುದು ಎಂಬುದನ್ನು ಹಾಲಗಟ್ಟಿ ಗ್ರಾಮ ಇದುವರೆಗೆ ಯೋಚಿಸಿರಲಿಲ್ಲ. ದಾದಾಸಾಹೇಬ ನಡೆದದ್ದು ಆ ಮೂರನೆಯ ಕಾರಣಕ್ಕೆ. ಅವನ ಕಷ್ಟವೆಲ್ಲ ಅಲ್ಲಿಂದ ಶುರುವಾಯಿತು.

ದಾದಾಸಾಹೇಬನಿಗೆ ಮೂವತ್ತನಾಲ್ಕು ವರ್ಷ. ಎರಡು ಎಕರೆ ದ್ರಾಕ್ಷಿ, ಮೂರು ಎಕರೆ ಕಬ್ಬು, ಒಂದು ಬೈಕು, ಒಂದು ಎಮ್ಮೆ, ಸಾವಕ್ಕನೆಂಬ ತಾಯಿ. ಕೆಟ್ಟ ಚಟಗಳಿರಲಿಲ್ಲ, ನಿದ್ದೆಯನ್ನು ಚಟವೆಂದು ಎಣಿಸದಿದ್ದರೆ. ಮಧ್ಯಾಹ್ನ ದ್ರಾಕ್ಷಿ ಚಪ್ಪರದ ಕೆಳಗೆ ಬಿಸಿಲು ಎಲೆಗಳಿಂದ ಹಸಿರಾಗಿ ಸೋರುವಾಗ, ಡ್ರಿಪ್ ಪೈಪಿನಿಂದ ಹನಿ ತೊಟ್ಟಿಕ್ಕುವ ಸದ್ದು ಕೇಳುತ್ತ ಅವನು ಮಲಗುತ್ತಿದ್ದ. ಕಿವಿಯ ಪಕ್ಕದ ಆ ಹನಿ ನಿದ್ದೆಯೊಳಗೆ ಹೋಗಿ ಹಳ್ಳವಾಗುತ್ತಿತ್ತು. ಹಳ್ಳ ಕಪ್ಪು ಬಂಡೆಗಳ ನಡುವೆ ನುಗ್ಗಿ, ಕಡೆಗೆ ಎಲ್ಲಿಂದಲೋ ಬಹಳ ಎತ್ತರದಿಂದ ಸದ್ದಿಲ್ಲದೆ ಬೀಳುತ್ತಿತ್ತು. ಎಚ್ಚರವಾದಾಗ ಪೈಪು ಒಡೆದು ಅಂಗಿ ನೆಂದಿರುತ್ತಿತ್ತು. ಅವನು ಹುಟ್ಟಿ ಬೆಳೆದದ್ದು ಸಪಾಟು ನೆಲದಲ್ಲಿ. ಕಂಡ ಅತಿ ಎತ್ತರದ ವಸ್ತುವೆಂದರೆ ಸಕ್ಕರೆ ಕಾರ್ಖಾನೆಯ ಚಿಮಣಿ; ಅದನ್ನೂ ಕೆಳಗೆ ನಿಂತೇ ಕಂಡಿದ್ದ.

ಹನ್ನೊಂದು ಮನೆಗಳಲ್ಲಿ ಕನ್ಯೆ ನೋಡಿ ಆಗಿತ್ತು. ಹನ್ನೊಂದು ಮನೆಯವರೂ ಚಹಾ, ಅವಲಕ್ಕಿ ಕೊಟ್ಟು, ತಿಳಿಸುತ್ತೇವೆಂದು ಹೇಳಿ, ತಿಳಿಸದೆ ಉಳಿದಿದ್ದರು. ಹೊಲ ಇದ್ದವರೇ ಹೊಲ ಇದ್ದವನಿಗೆ ಮಗಳನ್ನು ಕೊಡಲು ಒಲ್ಲೆನ್ನುವ ಕಾಲ. ಹನ್ನೆರಡನೆಯ ಸಲಕ್ಕೆ ಸಾವಕ್ಕ ಹೊಸ ಬಯೋಡಾಟಾ ಮಾಡಿಸಲು ಹೇಳಿದಳು. ಕಾಗವಾಡದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದ ಸುಗಂಧಾ ಆ ಭಾಗದ ಅರ್ಧ ಮದುವೆಗಳನ್ನು ಟೈಪು ಮಾಡಿದವಳು. ಅವಳ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ಬಯೋಡಾಟಾ. ಹೆಸರು, ಎತ್ತರ, ಫೋಟೋ ಬದಲಾಗುತ್ತಿದ್ದವು. ಉಳಿದದ್ದು ಒಬ್ಬರಿಂದ ಇನ್ನೊಬ್ಬರಿಗೆ ಹಾಗೆಯೇ ದಾಟುತ್ತಿತ್ತು. ಹೀಗೆ ಮಿರಜಿನ ಯಾವನೋ ಇಂಜಿನಿಯರನ ಹವ್ಯಾಸ ದಾದಾಸಾಹೇಬನ ಪಾಲಿಗೆ ಬಂತು: ಟ್ರೆಕ್ಕಿಂಗ್, ಕಾಡು, ಗುಹೆ, ಜಲಪಾತಗಳ ವೀಕ್ಷಣೆ. ದಾದಾಸಾಹೇಬ ಫೋಟೋದಲ್ಲಿ ತಲೆಗೂದಲು ಸಾಕಷ್ಟು ಕಾಣುತ್ತದೆಯೇ ಎಂಬುದನ್ನಷ್ಟೇ ನೋಡಿ ಹತ್ತು ಪ್ರತಿ ತೆಗೆಸಿದ.

ಹನ್ನೆರಡನೆಯವಳು ನಿಪ್ಪಾಣಿಯ ಸ್ನೇಹಲ. ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ತಂದೆ ಮುರಗೆಪ್ಪನವರದು ತಂಬಾಕಿನ ವ್ಯಾಪಾರ; ಮನೆಯೊಳಗೆ ಕಾಲಿಟ್ಟ ಕೂಡಲೇ ಸಾವಕ್ಕ ಮೂರು ಸಲ ಸೀನಿದಳು. ಹಿರಿಯರು ಮಳೆ, ಕಬ್ಬು, ನೆಂಟರ ಮಂಡಿನೋವುಗಳನ್ನು ಮುಗಿಸಿ, ಹುಡುಗ ಹುಡುಗಿ ಐದು ನಿಮಿಷ ಮಾತಾಡಲಿ ಎಂದು ಇಬ್ಬರನ್ನೂ ಮಾಳಿಗೆಗೆ ಕಳಿಸಿದರು.

ಮಾಳಿಗೆಯಿಂದ ಪಶ್ಚಿಮಕ್ಕೆ ಘಟ್ಟದ ಸಾಲು ಕಾಣುತ್ತಿತ್ತು. ಮಳೆ ಆಗಷ್ಟೇ ನಿಂತಿತ್ತು. ಗುಡ್ಡಗಳು ಒಂದರ ಹಿಂದೊಂದು ತೆಳುವಾಗುತ್ತ ಹೋಗಿ, ಕಡೆಯದು ಗುಡ್ಡವೋ ಮೋಡವೋ ತಿಳಿಯದಂತಿತ್ತು. ಹುಡುಗಿ ನೋಡಲು ಬಂದ ದಾದಾಸಾಹೇಬ ಗುಡ್ಡ ನೋಡುತ್ತ ನಿಂತುಬಿಟ್ಟ. ಕೊಟ್ಟ ಐದು ನಿಮಿಷಗಳಲ್ಲಿ ಎರಡು ಹಾಗೆಯೇ ಹೋದವು.

“ಕಡೀಕ ಟ್ರೆಕ್ಕಿಂಗಿಗೆ ಎಲ್ಲಿ ಹೋಗಿದ್ರಿ?” ಎಂದು ಸ್ನೇಹಲ ಕೇಳಿದಳು.

ತನ್ನ ಬಯೋಡಾಟಾ ತಾನೇ ಓದಿಲ್ಲವೆಂದು ಹೇಳುವುದು ಸರಿಯಾದ ಉತ್ತರವಾಗಿತ್ತು. ಆದರೆ ಕಣ್ಣೆದುರಿಗೆ ಅಷ್ಟು ಗುಡ್ಡಗಳಿದ್ದವು. ಸುಮಾರು ಕಡೆ ಹೋಗಿದ್ದೇನೆ ಎಂದ. ಯಾವ ಯಾವ ಜಲಪಾತ ಎಂದು ಅವಳು ಕೇಳಿದಳು.

“ಹೆಸರ ನೆನಪ ಉಳಿಯೂದಿಲ್ಲರಿ,” ಎಂದ ದಾದಾಸಾಹೇಬ. “ನೀರ ನೆನಪ ಉಳಿತೈತಿ.”

ಈ ಮಾತು ಎಲ್ಲಿಂದ ಬಂತೆಂದು ಅವನಿಗೂ ತಿಳಿಯಲಿಲ್ಲ. ಲೆಕ್ಕ ಬಿಡಿಸದೆ ಉತ್ತರ ಮಾತ್ರ ಬರೆದ ವಿದ್ಯಾರ್ಥಿಯನ್ನು ನೋಡುವಂತೆ ಸ್ನೇಹಲ ಅವನನ್ನು ನೋಡಿದಳು. ಆಮೇಲೆ ಹೇಳಿದಳು: “ಇವತ್ತಿಗೆ ಮೂರನೇ ಐತವಾರ ನಮ್ಮ ಗುಂಪು ಘಟ್ಟಕ್ಕ ಹೊಂಟೈತಿ. ಹದಿನಾಲ್ಕ ಕಿಲೋಮೀಟರ. ಒಂದ ಜಲಪಾತ ಐತಿ, ಅದರ ಹಿಂದ ಗವಿ ಐತಿ. ನೀವೂ ಬರ್ರಿ. ಪಪ್ಪಾಗ ಹೂಂ ಅನ್ನೂದೋ ಉಹೂಂ ಅನ್ನೂದೋ, ಆಮ್ಯಾಲ ನೋಡೂನು.”

ಬರುತ್ತೇನೆ ಎಂದ. ಹನ್ನೆರಡು ಮನೆಗಳಲ್ಲಿ ಅವನಿಗೆ ಎಲ್ಲಿಗಾದರೂ ಬಾ ಎಂದವಳು ಇವಳೊಬ್ಬಳೇ.

ವಾಪಸು ಬರುವಾಗ ಬಸ್ಸಿನಲ್ಲಿ ಸಾವಕ್ಕ, ಮಾಳಿಗೆ ಮೇಲೆ ಹುಡುಗಿ ಏನು ಕೇಳಿದಳೆಂದು ನಾಲ್ಕು ಸಲ ವಿಚಾರಿಸಿದಳು. ಗುಡ್ಡ ತೋರಿಸಿದಳು ಎಂದಷ್ಟೇ ದಾದಾಸಾಹೇಬ ಹೇಳಿದ. ಹೆಣ್ಣಿನ ಕಡೆಯವರು ಗಂಡಿಗೆ ಪರೀಕ್ಷೆ ಇಟ್ಟಿದ್ದಾರೆಂದು ತಿಳಿದರೆ ಸಾವಕ್ಕ ಅದೇ ಬಸ್ಸಿನಿಂದ ಇಳಿದು, ನಿಪ್ಪಾಣಿಗೆ ಹೋಗಿ, ತಿಂದ ಅವಲಕ್ಕಿಯ ಮರ್ಯಾದೆಯನ್ನೂ ನೋಡದೆ ಸಂಬಂಧ ಮುರಿದು ಬರುವ ಹೆಂಗಸು. ಆದ್ದರಿಂದ ದಾದಾಸಾಹೇಬ ಗುಟ್ಟಾಗಿ ನಡೆಯುವುದನ್ನು ಕಲಿಯಬೇಕಾಯಿತು.

ಗುಟ್ಟಾಗಿ ನಡೆಯಲು ಹಾಲಗಟ್ಟಿಯಲ್ಲಿ ಜಾಗವಿಲ್ಲ. ಬೆನ್ನಿಗೆ ಭಾರ ಹೊತ್ತು ಅಭ್ಯಾಸ ಮಾಡಬೇಕೆಂದು ಯಾವುದೋ ವಿಡಿಯೋದಲ್ಲಿ ಹೇಳಿದ್ದರು. ಅವನ ಮನೆಯಲ್ಲಿ ಬೆನ್ನಿಗೆ ಹಾಕುವಂಥದ್ದು ದ್ರಾಕ್ಷಿಗೆ ಔಷಧ ಹೊಡೆಯುವ ಪಂಪು ಒಂದೇ. ಅದಕ್ಕೆ ಹದಿನಾರು ಲೀಟರು ನೀರು ತುಂಬಿ, ಬೆಳಗಿನ ಜಾವ ಕಾಲುವೆ ರಸ್ತೆಯ ಮೇಲೆ ಹೊರಟ. ಕಬ್ಬಿನ ಮೇಲೆ ಮಂಜು ಕೂತಿತ್ತು. ಮಂಜಿನಲ್ಲಿ ಕಬ್ಬಿನ ಗದ್ದೆಗಳು ಕಾಡಿನಂತೆ ಕಂಡವು. ಕಾಲುವೆಯ ತೂಬಿನಲ್ಲಿ ಇಳಿಯುವ ನೀರು, ಕಣ್ಣು ಅರ್ಧ ಮುಚ್ಚಿದರೆ, ಜಲಪಾತವೇ. ಐದು ಕಿಲೋಮೀಟರ್ ಹೋಗಿ ಐದು ಕಿಲೋಮೀಟರ್ ಬಂದ. ಕಾಲು ನೋಯುತ್ತಿತ್ತು, ಮನಸ್ಸು ಘಟ್ಟದಲ್ಲಿತ್ತು.

ಪಕ್ಕದ ಮನೆಯ ಕೆಂಚವ್ವ ಮೂರು ದಿನ ನೋಡಿದಳು. ಎಪ್ಪತ್ತು ದಾಟಿದವಳು, ಮೊನ್ನೆಮೊನ್ನೆಯವರೆಗೆ ಕಬ್ಬು ಕಡಿಯುವ ಗುಂಪಿನ ಮುಂದಾಳು. ಒಬ್ಬ ಮನುಷ್ಯ ಪಂಪು ಹೊತ್ತು ತನ್ನ ಹೊಲವನ್ನೇ ದಾಟಿ ಹೋಗಿ, ಒಂದು ಹನಿಯನ್ನೂ ಹೊಡೆಯದೆ, ತುಂಬಿದ ಪಂಪನ್ನು ಹಾಗೆಯೇ ವಾಪಸು ತರುವುದು ಅವಳ ಅನುಭವಕ್ಕೆ ಮೀರಿದ ಸಂಗತಿಯಾಗಿತ್ತು. ನಾಲ್ಕನೆಯ ದಿನ ಹಿಟ್ಟಿನ ಗಿರಣಿಯಲ್ಲಿ, ಜೋಳದ ಡಬ್ಬಿಗಳ ಸಾಲಿನ ನಡುವೆ ನಿಂತು, ದಾದಾನಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ತೀರ್ಪು ಕೊಟ್ಟಳು. ಡಾಕ್ಟರು ನಡೆಯಲು ಹೇಳಿದ್ದಾರೆ. ನಾಚಿಕೆಗೆ ಪಂಪು ಹಾಕಿಕೊಂಡಿದ್ದಾನೆ.

ಸಾಲಿನಲ್ಲಿ ಸಾವಕ್ಕ ಮೂರನೆಯವಳಾಗಿದ್ದಳು. ಸಕ್ಕರೆ ಕಾಯಿಲೆಯ ಗಂಡು ಎಂಬ ಸುದ್ದಿ ಗಿರಣಿಯಿಂದ ಹೊರಬಿದ್ದರೆ ಸಂಜೆಗೆ ಅಥಣಿ, ಮರುದಿನಕ್ಕೆ ರಾಯಬಾಗ, ವಾರ ತುಂಬುವುದರೊಳಗೆ ನಿಪ್ಪಾಣಿ. ಆಮೇಲೆ ಮಗನಿಗೆ ಹೆಣ್ಣಲ್ಲ, ಚಹಾ ಕೂಡ ಯಾರೂ ಕೊಡುವುದಿಲ್ಲ. ಒಂದೇ ಉಸಿರಿಗೆ ಸಾವಕ್ಕ ಹೇಳಿದಳು: “ಸಕ್ಕರಿ ನಿನಗ ಬರ್ಲಿ. ನನ್ನ ಮಗಾ ಹರಕಿ ಹೊತ್ತಾನ. ನಡಕೊಂಡ ಹೋಗೂದೈತಿ.”

ಗಿರಣಿ ನಿಂತಂತಾಯಿತು. ಯಾವ ದೇವರಿಗೆ ಎಂದು ನಾಲ್ಕೈದು ಬಾಯಿಗಳು ಒಟ್ಟಿಗೆ ಕೇಳಿದವು. ಸಾವಕ್ಕನಿಗೆ ಗೊತ್ತಿರಲಿಲ್ಲ. “ಅಂವಾ ಬಾಯಿ ಬಿಟ್ಟಿಲ್ಲ,” ಎಂದಳು. ಇದು ದೊಡ್ಡ ತಪ್ಪಾಯಿತು. ಬಾಯಿ ಬಿಟ್ಟು ಹೇಳಿದ ಹರಕೆಗೆ ಒಂದು ಬೆಲೆಯಾದರೆ ಹೇಳದ ಹರಕೆಗೆ ಹತ್ತು ಬೆಲೆ. ಮನೆಗೆ ಬರುವ ಹೊತ್ತಿಗೆ ಸಾವಕ್ಕನೇ ಅದನ್ನು ನಂಬಿದ್ದಳು. ಹರಕೆಯ ವಿಷಯ ತಾಯಿಗೇ ಹೇಳಲಿಲ್ಲವೆಂದು ಮಗನ ಮೇಲೆ ಸಿಟ್ಟು ಮಾಡಿಕೊಂಡು, ಅವನ ತಟ್ಟೆಗೆ ತುಪ್ಪ ಹೆಚ್ಚು ಹಾಕಿದಳು.

ಮರುದಿನ ಕಾಲುವೆ ರಸ್ತೆಯಲ್ಲಿ ದಾದಾಸಾಹೇಬನ ಕಾಲಿಗೆ ಯಾರೋ ಒಂದು ಕೊಡ ನೀರು ಸುರಿದರು. ಮುಂದಿನ ತಿರುವಿನಲ್ಲಿ ಇನ್ನೊಂದು ಕೊಡ. ನೋಡಿದರೆ ಕೆಂಚವ್ವ, ಬಗ್ಗಿ ಅವನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಆಯಿ, ನೀನು ನನ್ನ ಕಾಲು ಮುಟ್ಟಬಾರದು ಎಂದು ಅವನು ಹಿಂದೆ ಸರಿದ. ಕಾಲು ನಿನ್ನದಲ್ಲ, ಹರಕೆಯದು ಎಂದಳು ಕೆಂಚವ್ವ. ಹರಕೆ ಇಲ್ಲ ಎನ್ನಬೇಕೆಂದು ಅವನು ಬಾಯಿ ತೆರೆದ. ಮತ್ತೆ ಯಾಕೆ ನಡೆಯುತ್ತೀ ಎಂದರೆ? ಹಿಂದೆ ಸಕ್ಕರೆ, ಮುಂದೆ ನಿಪ್ಪಾಣಿ. ಬಾಯಿ ಮುಚ್ಚಿದ. ಆ ಮೌನ ಊರಿಗೆ ಬಹಳ ಹಿಡಿಸಿತು.

ಶುಕ್ರವಾರ ಪಂಚಾಯತಿ ಸದಸ್ಯ ಬಾಪುಸಾಹೇಬ ಮನೆಗೆ ಬಂದ. ಊರಿನಲ್ಲಿ ಯಾರು ಹುಟ್ಟಿದರೂ, ಸತ್ತರೂ, ಹತ್ತನೇ ಇಯತ್ತೆ ಪಾಸಾದರೂ ತನ್ನ ಫೋಟೋ ಇರುವ ಫ್ಲೆಕ್ಸ್ ಕಟ್ಟಿಸುವವನು ಅವನು. ನಡೆಯುವುದು ಎಲ್ಲಿಗೆ ಎಂಬುದೊಂದು ಗೊತ್ತಾದರೆ ಸಾಕು, ಉಳಿದ ಎಲ್ಲವೂ ತಯಾರಿದೆ ಎಂದ. ದಾದಾಸಾಹೇಬ ಚಿಂಚಲಿ ಎನ್ನಬಹುದಿತ್ತು, ಒಂದೇ ದಿನದಲ್ಲಿ ಮಾಯಕ್ಕನಿಗೆ ಕಾಯಿ ಒಡೆದು ಬರಬಹುದಿತ್ತು. ಆದರೆ ಅವನ ತಲೆಯಲ್ಲಿ ಹನ್ನೆರಡು ದಿನಗಳಿಂದ ಒಂದೇ ಜಾಗವಿತ್ತು. ನಿದ್ದೆಗಣ್ಣಿನವನಂತೆ ಹೇಳಿದ: “ನಿಪ್ಪಾಣಿ ಆಚೆ, ಘಟ್ಟದಾಗ. ನೀರ ಬೀಳ್ತೈತಿ. ನೀರಿನ ಹಿಂದ ಗವಿ ಐತಿ.”

ಬಾಪುಸಾಹೇಬ ಫ್ಲೆಕ್ಸಿನವನಿಗೆ ಫೋನು ಹಚ್ಚಿದ. ಹೊರಗೆ ಕೇಳುತ್ತಿದ್ದ ಕೆಂಚವ್ವ ಎರಡೂ ಕೈ ಜೋಡಿಸಿದಳು.

ಶನಿವಾರ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಬಂತು. ಮೇಲೆ ಬಾಪುಸಾಹೇಬ ಕೈ ಮುಗಿದು ನಿಂತಿದ್ದ, ಆಳೆತ್ತರ. ಕೆಳಗಿನ ಮೂಲೆಯಲ್ಲಿ ಬಯೋಡಾಟಾದ ಫೋಟೋದಲ್ಲಿ ದಾದಾಸಾಹೇಬ. ನಡುವೆ: ಜಲಗವಿ ಪಾದಯಾತ್ರೆಗೆ ಹಾರ್ದಿಕ ಶುಭಾಶಯಗಳು, ಹಾಲಗಟ್ಟಿಯಿಂದ ಘಟ್ಟದವರೆಗೆ, ಸೋಮವಾರ ಪ್ರಯಾಣ. ದಾದಾಸಾಹೇಬ ಅದನ್ನು ಎರಡು ಸಲ ಓದಿದ. ಹದಿನಾಲ್ಕು ಕಿಲೋಮೀಟರಿಗೆಂದು ಹೆದರುತ್ತಿದ್ದವನ ಹಾದಿ ನೂರು ಕಿಲೋಮೀಟರಿನ ಮೇಲಾಗಿತ್ತು.

ಅವನ ಲೆಕ್ಕ ಸುಲಭವಿತ್ತು. ಊರ ಸೀಮೆಯವರೆಗೆ ನಡೆಯುವುದು, ಕಳಿಸಲು ಬಂದವರು ತಿರುಗಿದ ಮೇಲೆ ಬಸ್ಸು ಹತ್ತುವುದು. ಸೋಮವಾರ ಹಲಗೆ ಬಡಿಯುತ್ತ ಇಡೀ ಊರು ಬಂತು. ಹೆಂಗಸರು ಒಂದೊಂದು ತೆಂಗಿನಕಾಯಿ ತಂದರು. ಒಬ್ಬಳ ಎಮ್ಮೆ ಗಬ್ಬ ನಿಲ್ಲುತ್ತಿರಲಿಲ್ಲ, ಒಬ್ಬಳ ಬೋರಿಗೆ ನೀರು ಬಿದ್ದಿರಲಿಲ್ಲ, ಒಬ್ಬಳ ಮಗ ಪೊಲೀಸ್ ಭರ್ತಿಯ ಓಟದಲ್ಲಿ ಮೂರು ವರ್ಷದಿಂದ ಅರ್ಧ ಸೆಕೆಂಡಿಗೆ ಬೀಳುತ್ತಿದ್ದ. ಯಾರ ಕಾಯಿ ಯಾರದೆಂದು ತಿಳಿಯಲು ಜುಟ್ಟಿಗೆ ಬಣ್ಣಬಣ್ಣದ ದಾರ ಕಟ್ಟಿದ್ದರು. ಇಪ್ಪತ್ತೊಂದು ಕಾಯಿ ಅವನ ಚೀಲಕ್ಕೆ ಬಿದ್ದವು. ಮಿರಜಿನಿಂದ ಗುಟ್ಟಾಗಿ ತಂದಿದ್ದ ಟ್ರೆಕ್ಕಿಂಗ್ ಬೂಟನ್ನು ಕೆಂಚವ್ವ ತಾನೇ ಕೂತು ಬಿಚ್ಚಿದಳು. “ದೇವರ ಹಂತ್ಯಾಕ ಇಂಥಾವ ಹಾಕ್ಕೊಂಡ ಯಾರ ಹೋಗ್ತಾರೋ ತಮ್ಮಾ?” ಎಂದು ಅವನ್ನು ಸಾವಕ್ಕನ ಕೈಗೆ ಕೊಟ್ಟಳು.

ಸೀಮೆಯಲ್ಲಿ ಊರು ತಿರುಗಿತು. ಹಲಗೆಯ ಸದ್ದು ದೂರವಾಯಿತು. ದಾದಾಸಾಹೇಬ ನಿಟ್ಟುಸಿರು ಬಿಟ್ಟು ಹಿಂದೆ ನೋಡಿದರೆ ಕೆಂಚವ್ವ ನಿಂತಿದ್ದಳು, ಅವಳ ಹಿಂದೆ ಅವಳ ಕಬ್ಬಿನ ಗುಂಪಿನ ನಾಲ್ವರು ಹೆಂಗಸರು. ಎಲ್ಲರ ತಲೆಯ ಮೇಲೂ ರೊಟ್ಟಿ ಗಂಟು.

“ನೀವ ಎಲ್ಲಿಗೆ?” ಎಂದ.

“ಗವಿ ನಾವೂ ನೋಡಿಲ್ಲ,” ಎಂದಳು ಕೆಂಚವ್ವ.

ಆ ಐದು ಜನರ ಕಣ್ಣು ತಪ್ಪಿಸಿ ಬಸ್ಸು ಹತ್ತುವುದು ಆಗದ ಮಾತಾಗಿತ್ತು. ಅದಲ್ಲದೆ ಆ ಹೆಂಗಸರಿಗೆ ಪ್ರತಿ ಊರಿನಲ್ಲೂ ಒಬ್ಬ ಬೀಗತಿ, ಒಬ್ಬ ಮೈದುನ, ಇಲ್ಲವೇ ಕಬ್ಬಿನ ಹಂಗಾಮಿನಲ್ಲಿ ಜೊತೆಗೆ ಕಡಿದವರು ಇದ್ದರು. ಮೊದಲೇ ಫೋನು ಹೋಗುತ್ತಿತ್ತು. ಕೃಷ್ಣೆಯ ಸೇತುವೆ ದಾಟುವುದರೊಳಗೆ ಆಚೆ ದಂಡೆಯಲ್ಲಿ ಜನ ಕೊಡ ಹಿಡಿದು ನಿಂತಿರುತ್ತಿದ್ದರು. ಪಾದಕ್ಕೆ ನೀರು, ಹಣೆಗೆ ಅರಿಶಿನದ ಭಂಡಾರ, ಹೊಟ್ಟೆಗೆ ಝುಣಕ ಮತ್ತು ಭಾಕರಿ. ಮೇಲೆ ಇನ್ನೊಂದು ಕಾಯಿ. ಚಿಕ್ಕೋಡಿ ಮುಟ್ಟುವ ಹೊತ್ತಿಗೆ ಕಾಯಿಗಳು ಮೂವತ್ತೆಂಟಾಗಿದ್ದವು. ಹೆಂಗಸರು ಪಾಪವೆಂದು ಅರ್ಧ ಹಂಚಿಕೊಂಡು, ಇನ್ನು ಕಾಯಿ ಬೇಡವೆಂದು ಮುಂದಿನ ಊರುಗಳಿಗೆ ಫೋನು ಮಾಡಿದರು.

ಎರಡು ದಿನ ಅವನ ಕಾಲುಗಳು ಅವನೊಂದಿಗೆ ಜಗಳವಾಡಿದವು. ಮೂರನೆಯ ದಿನ ಜಗಳ ನಿಂತಿತು. ಬೆಳಿಗ್ಗೆ ಎದ್ದು ನಡೆಯುತ್ತಿದ್ದರೆ ನೆಲವೇ ಕಾಲ ಕೆಳಗೆ ಹಿಂದಕ್ಕೆ ಹರಿಯುತ್ತಿರುವಂತೆ, ತಾನು ನಿಂತಲ್ಲೇ ನಿಂತಿರುವಂತೆ ಅನಿಸುತ್ತಿತ್ತು. ಜೋಳದ ಹೊಲಗಳು ಬಂದವು, ಹೋದವು. ತಂಬಾಕಿನ ಹೊಲಗಳ ಅಗಲ ಎಲೆಗಳ ಮೇಲೆ ಇಬ್ಬನಿ ಕೂತಿತ್ತು. ಹಿಂದೆ ಹೆಂಗಸರು ಬೀಸುಕಲ್ಲಿನ ಹಾಡು ಹೇಳುತ್ತಿದ್ದರು. ಹಾಡಿನಲ್ಲಿ ಯಾರೋ ತವರಿಗೆ ಹೊರಟಿದ್ದಳು, ತವರು ಬರುತ್ತಲೇ ಇರಲಿಲ್ಲ. ದಾದಾಸಾಹೇಬ ಅರ್ಧ ನಿದ್ದೆಯಲ್ಲಿ ನಡೆಯುತ್ತಿದ್ದ. ಪಶ್ಚಿಮದ ನೀಲಿ ಗೆರೆ ದಿನದಿನಕ್ಕೆ ದಪ್ಪವಾಗುತ್ತಿತ್ತು. ಯಾವುದಕ್ಕಾಗಿ ಹೊರಟಿದ್ದೇನೆಂಬುದನ್ನೇ ಅವನು ಆಗಾಗ ಮರೆಯುತ್ತಿದ್ದ.

ನಿಪ್ಪಾಣಿಯಲ್ಲಿ ನೆನಪಾಯಿತು. ಹೆದ್ದಾರಿ ದಾಟಿ ಪೇಟೆಯೊಳಗೆ ಬಂದಾಗ ಮುರಗೆಪ್ಪನವರು ತಮ್ಮ ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದರು. ಎದುರಿಗೆ, ಮೂರು ವಾರದ ಕೆಳಗೆ ಇಸ್ತ್ರಿ ಅಂಗಿ ತೊಟ್ಟು ಅವಲಕ್ಕಿ ತಿಂದು ಹೋದ ಹುಡುಗ, ಬರಿಗಾಲಲ್ಲಿ, ಹಣೆ ತುಂಬ ಭಂಡಾರ, ಕೊರಳಲ್ಲಿ ಚೆಂಡುಹೂವಿನ ಹಾರ, ಕಣ್ಣು ಅರ್ಧ ಮುಚ್ಚಿ ಬರುತ್ತಿದ್ದ. ಹಿಂದೆ ಐವರು ಮುದುಕಿಯರು. ದಾರಿಹೋಕರು ಕಾಲಿಗೆ ಬೀಳುತ್ತಿದ್ದರು. ದಾದಾಸಾಹೇಬ ಗಾಬರಿಯಲ್ಲಿ ನಮಸ್ಕಾರ ಮಾಡಲು ಕೈ ಎತ್ತಿದ. ಕೈಯಲ್ಲಿ ಯಾರೋ ಕೊಟ್ಟ ಬಾಳೆಹಣ್ಣಿತ್ತು. ದೂರದಿಂದ ಅದು ಆಶೀರ್ವಾದದಂತೆ ಕಂಡಿತು. ಮುರಗೆಪ್ಪನವರ ಕೈಗಳು ತಾವಾಗಿಯೇ ಜೋಡಿಸಿಕೊಂಡವು.

ಆಮೇಲೆ ಅವರು ಮಗಳಿಗೆ ಫೋನು ಮಾಡಿದರು. ಹುಡುಗ ಒಳ್ಳೆಯವನೇ, ಆದರೆ ಅವನಿಗೆ ವೈರಾಗ್ಯ ಬಂದಂತಿದೆ. ಅಂಥವನಿಗೆ ಹೆಣ್ಣು ಕೊಟ್ಟರೆ ನಾಳೆ ಸಂಸಾರ ಬಿಟ್ಟು ಗುಡ್ಡ ಸೇರುತ್ತಾನೆ. ಈ ಸಂಬಂಧ ಬೇಡ ಎಂದರು. ಐತವಾರ ಬಾ ಎಂದು ನಾನು ಕರೆದಿದ್ದೇನೆ, ಐತವಾರದ ಮಾತು ಐತವಾರ ಆಗಲಿ ಎಂದು ಸ್ನೇಹಲ ಫೋನು ಇಟ್ಟಳು. ಈ ಮಾತುಕತೆ ಅಂಗಡಿಯ ಆಳಿನಿಂದ ಕೆಂಚವ್ವನ ಬೀಗತಿಗೆ, ಅಲ್ಲಿಂದ ಕೆಂಚವ್ವನಿಗೆ, ಅವಳಿಂದ ಮುಂದಿನ ಹಳ್ಳಿಯ ಗುಡಿಕಟ್ಟೆಯ ಮೇಲೆ ಊಟಕ್ಕೆ ಕೂತ ದಾದಾಸಾಹೇಬನಿಗೆ ಬಂದು ಮುಟ್ಟಿತು. ಅವನ ತುತ್ತು ಕೈಯಲ್ಲೇ ಉಳಿಯಿತು. ಯಾವ ಹುಡುಗಿ ಎಂದು ಕೆಂಚವ್ವ ಕೇಳಿದಳು. ಅವನು ನೀರಿನ ಚೊಂಬು ಎತ್ತಿಕೊಂಡ. ಇಷ್ಟು ನಡೆದದ್ದೇ ಅವನಿಗೆ ಉರುಳಾಗಿತ್ತು; ನಡೆಯದಿದ್ದರೂ ಹೆಣ್ಣಿಲ್ಲ, ನಡೆದರೂ ಇಲ್ಲ.

ಭಾನುವಾರ ಬೆಳಿಗ್ಗೆ ಕಾಡಿನಂಚಿನ ಹಳ್ಳಿಯಲ್ಲಿ ಸ್ನೇಹಲಳ ಗುಂಪಿನ ಏಳು ಜನ ಜೀಪಿನಿಂದ ಇಳಿದರು. ಮೊಣಕಾಲಿಗೆ ಪಟ್ಟಿ, ಕೈಗೆ ಮಡಚುವ ಕೋಲು, ಮಳೆಗೆ ಒಂದು ಕೋಟು, ಜಿಗಣೆಗೆ ಒಂದು ಪುಡಿ. ಇತ್ತ ಕಡೆಯಿಂದ ದಾದಾಸಾಹೇಬ ಮತ್ತು ಐವರು ಹೆಂಗಸರು ಮೂವತ್ತೆಂಟು ತೆಂಗಿನಕಾಯಿಗಳೊಂದಿಗೆ ಬಂದರು. 

“ಯಾವಾಗ ಬಂದ್ರಿ?” ಎಂದಳು ಸ್ನೇಹಲ.

“ಸೋಮವಾರ ಹೊಂಟಿವ್ರಿ,” ಎಂದ.

ಅವಳು ಅವನ ಕಾಲು ನೋಡಿದಳು. ಆಮೇಲೆ ಮುಂದೆ ನಡೆದಳು.

ಕಾಡು ಒಮ್ಮೆಲೇ ಶುರುವಾಯಿತು. ಬಿಸಿಲು ಹಿಂದೆ ಉಳಿಯಿತು. ಮರಗಳ ಮೈಗೆ ಪಾಚಿ ಹತ್ತಿತ್ತು. ಪಾಚಿಯ ಮೇಲೆ ಇನ್ನೊಂದು ಕಾಡು ಎನ್ನುವಂತೆ ಸಣ್ಣ ಸಣ್ಣ ಗಿಡಗಳು. ಎಲ್ಲೋ ನೀರಿನ ಸದ್ದು. ಯಾವ ದಿಕ್ಕಿನದೆಂದು ತಿಳಿಯುತ್ತಿರಲಿಲ್ಲ, ಎಲ್ಲ ದಿಕ್ಕಿನಿಂದಲೂ ಬರುವಂತಿತ್ತು. ದಾದಾಸಾಹೇಬನಿಗೆ ಈ ಜಾಗ ಗೊತ್ತಿತ್ತು. ಚಪ್ಪರದ ಕೆಳಗೆ ಮಲಗಿ ಎಷ್ಟೋ ಸಲ ಬಂದಿದ್ದ. ಕನಸಿನಲ್ಲಿ ಜಿಗಣೆಗಳಿರಲಿಲ್ಲ, ಅಷ್ಟೇ ವ್ಯತ್ಯಾಸ.

ಗುಂಪಿನವರು ಎರಡು ಕಿಲೋಮೀಟರಿಗೊಮ್ಮೆ ನಿಂತು ನೀರು ಕುಡಿದು ಫೋಟೋ ತೆಗೆದುಕೊಂಡರು. ಹೆಂಗಸರು ನಿಲ್ಲಲಿಲ್ಲ. ಸೀರೆ ಕಚ್ಚೆ ಹಾಕಿ, ಕಬ್ಬಿನ ಹೊರೆ ಹೊತ್ತು ಟ್ರಾಲಿಯ ಹಲಗೆ ಹತ್ತಿದ ಕಾಲುಗಳಿಗೆ ಜಾರುವ ಬಂಡೆ ಏನೂ ಅನಿಸಲಿಲ್ಲ. ಕೋಲು ಹಿಡಿದಿದ್ದ ಒಬ್ಬಾತ ಕೆಸರಿನಲ್ಲಿ ಜಾರಿ ಕೂತಾಗ ಕೆಂಚವ್ವ 'ಏಳೋ ನನ್ನಪ್ಪಾ' ಎಂದು ರಟ್ಟೆ ಹಿಡಿದು ಎತ್ತಿ, ಅವನ ಬ್ಯಾಗನ್ನೂ ತನ್ನ ಗಂಟಿನ ಮೇಲೆ ಇಟ್ಟುಕೊಂಡಳು.

ಐದು ಕಿಲೋಮೀಟರಾದ ಮೇಲೆ ಮರಗಳು ಸರಿದವು. ಎತ್ತರದಿಂದ ನೀರು ಬೀಳುತ್ತಿತ್ತು. ನಿಧಾನವಾಗಿ ಬೀಳುವಂತೆ ಕಂಡಿತು, ಬೀಳಬೇಕೋ ಬೇಡವೋ ಎಂದು ಯೋಚಿಸುತ್ತ ಇಳಿಯುವಂತೆ. ಅರ್ಧಕ್ಕೆ ಬಂದು ಹೊಗೆಯಾಗಿ, ಹೊಗೆ ಮತ್ತೆ ನೀರಾಗಿ ಕಪ್ಪು ಮಡುವಿಗೆ ಸೇರುತ್ತಿತ್ತು. ಬಂಡೆಯ ಅಂಚು ಹಿಡಿದು ಎಲ್ಲರೂ ನೀರಿನ ಹಿಂದಕ್ಕೆ ಹೋದರು. ಗವಿ ಅಗಲವಾಗಿತ್ತು, ನೆಲ ಒಣಗಿತ್ತು. ಒಳಗಿನಿಂದ ನೋಡಿದರೆ ಲೋಕವೆಲ್ಲ ಬೆಳ್ಳಗೆ ಅಲುಗುವ ಒಂದು ಪರದೆಯ ಆಚೆ ಇತ್ತು.  ಹೆಂಗಸರಲ್ಲಿ ಒಬ್ಬಳು ಅಳುತ್ತಿದ್ದಳು, ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಗವಿಯಲ್ಲಿ ದೇವರಿರಲಿಲ್ಲ. ಕೆಂಚವ್ವ ಅದಕ್ಕೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಉರುಟು ಕಲ್ಲು ಆರಿಸಿ, ತೊಳೆದು, ಭಂಡಾರ ಹಚ್ಚಿ, ಕಾಯಿಗಳನ್ನು ಸಾಲಾಗಿ ಜೋಡಿಸಿದಳು. ಆಮೇಲೆ ದಾದಾಸಾಹೇಬನನ್ನು ಮುಂದೆ ನಿಲ್ಲಿಸಿದಳು. ಬಂದು ಮುಟ್ಟಿದ ಜಾಗದಲ್ಲಿ ಹರಕೆಯನ್ನು ಬಾಯಿ ಬಿಟ್ಟು ಹೇಳಬೇಕು, ಎಲ್ಲರಿಗೂ ಕೇಳುವಂತೆ. ಆಗಲೇ ಅದು ತೀರುವುದು. ಹೇಳದೆ ಹೋದರೆ ಅವನದಷ್ಟೇ ಅಲ್ಲ, ಮೂವತ್ತೆಂಟು ಕಾಯಿಗಳ ಹರಕೆಯೂ ಕೆಡುತ್ತದೆ.

ದಾದಾಸಾಹೇಬ ಕಾಯಿಗಳನ್ನು ನೋಡಿದ. ಎಮ್ಮೆ, ಬೋರು, ಅರ್ಧ ಸೆಕೆಂಡು. ಸುಳ್ಳು ಹೇಳಲು ಅವನಿಗೆ ಧೈರ್ಯವಾಗಲಿಲ್ಲ. ಹರಕೆ ಇಲ್ಲ ಎಂದು ಮೆಲ್ಲಗೆ ಅಂದ. ನೀರು ಆ ಮಾತನ್ನು ನುಂಗಿತು. ಕೆಂಚವ್ವ ಕಿವಿಗೆ ಕೈ ಹಚ್ಚಿದಳು. ಇನ್ನೊಮ್ಮೆ ಹೇಳಿದ. ತುಟಿ ಅಲುಗಿದ್ದು ಮಾತ್ರ ಕಂಡಿತು. ಜೋರಾಗಿ ಹೇಳು ಎಂದು ಕೆಂಚವ್ವ ಸನ್ನೆ ಮಾಡಿದಳು. ಅವನು ಎದೆ ತುಂಬ ಉಸಿರೆಳೆದು, ಕಣ್ಣು ಮುಚ್ಚಿ ಕೂಗಿದ. ಆಗಲೇ ಗಾಳಿ ಬೀಸಿ ನೀರನ್ನು ಆಚೆ ಬಂಡೆಗೆ ತಳ್ಳಿತು. ಗವಿಯೊಳಗೆ ಗುಡಿಯೊಳಗಿನಂಥ ಮೌನ ಕವಿಯಿತು. ಅವನ ಕೂಗು ಒಂದೇ ಉಳಿಯಿತು.

“ನನಗ ಯಾವ ಹರಕೀನೂ ಇಲ್ಲ. ಕಾಡ ಕಂಡವನಲ್ಲ ನಾ, ಜಲಪಾತ ಕಂಡವನಲ್ಲ. ಈ ಹುಡುಗಿ ಬಾ ಅಂದ್ಲು, ಬಂದೀನಿ. ಈಕಿ ಒಲ್ಲೆ ಅಂದ್ರ ಹದಿಮೂರನೇ ಮನಿಗೆ ಹೋಗೂ ತಾಕತ್ತ ನನಗಿಲ್ಲ.”

ಗುಂಪಿನಲ್ಲಿ ವಿಡಿಯೋ ಮಾಡುತ್ತಿದ್ದವನು ಮೊಬೈಲು ಕೆಳಗಿಳಿಸಿದ. ದಾದಾಸಾಹೇಬ ಕಣ್ಣು ತೆರೆದು ಕೆಂಚವ್ವನನ್ನು ನೋಡಿದ, ಹೊಡೆತಕ್ಕೆ ಸಿದ್ಧನಾಗಿ. ಕೆಂಚವ್ವ ಅವನ ಕಾಲು ನೋಡಿದಳು.

“ಒಂದ ಹೆಣ್ಣಿನ ಸಲುವಾಗಿ ಬರಿಗಾಲಲೆ ನೂರ ಕಿಲೋಮೀಟರ ಬಂದಿ,” ಎಂದಳು. “ಇದಕ್ಕ ಹರಕಿ ಅನ್ನದ ಮತ್ತೇನ ಅಂತಾರೋ, ಖೋಡಿ?”

ಹೆಂಗಸರು ಹೌದೆಂದು ತಲೆಯಾಡಿಸಿ ಕಾಯಿ ಒಡೆಯತೊಡಗಿದರು. ಮೂವತ್ತೆಂಟು ಕಾಯಿ ಒಡೆಯುವವರೆಗೆ ಸ್ನೇಹಲ ಗೋಡೆಗೆ ಒರಗಿ ನಿಂತಿದ್ದಳು. ಕಡೆಯ ಕಾಯಿ ಮುಗಿಸಿ ಕೆಂಚವ್ವ ಅವಳ ಕಡೆ ತಿರುಗಿ, ಕೇಳಿದೆಯಲ್ಲವ್ವ, ಈಗ ನೀನು ಹೇಳು ಎಂದಳು. ಎಲ್ಲರೂ ತಿರುಗಿದರು.

“ನಾ ದೇವರಲ್ಲ ಆಯಿ, ಬೇಡಿದ ಕೂಡ್ಲೇ ಕೊಡಾಕ,” ಎಂದಳು ಸ್ನೇಹಲ. ಆಮೇಲೆ ದಾದಾಸಾಹೇಬನಿಗೆ: “ಒಂದ ಕೇಳ್ತೀನಿ, ಖರೇ ಹೇಳ್ರಿ. ಮದುವಿ ಆದ್ರೂ ನಾ ತಿಂಗಳಿಗೊಮ್ಮೆ ಹಿಂಗ ನಡಿಯಾಕ ಬರಾಕಿ. ಆವಾಗ ನೀವೇನ ಮಾಡ್ತೀರಿ?”

ಇದನ್ನು ಅವಳು ಈ ಹಿಂದೆ ಐದು ಗಂಡುಗಳಿಗೆ ಕೇಳಿದ್ದಳು. ಮೂವರು ಮದುವೆಯಾದ ಮೇಲೆ ಅದೆಲ್ಲ ಯಾಕೆ ಎಂದಿದ್ದರು. ಇಬ್ಬರು ತಾವೂ ಜೊತೆಗೆ ಬರುತ್ತೇವೆ ಎಂದಿದ್ದರು. ಒಬ್ಬಳನ್ನೇ ಬಿಡುವುದು ಹೇಗೆ ಎಂಬ ಧ್ವನಿಯಲ್ಲಿ. ದಾದಾಸಾಹೇಬ ತನ್ನ ಪಾದಗಳನ್ನು ನೋಡಿಕೊಂಡ. ಅವು ಅವನವೇ ಎಂದು ಹೇಳಲು ಬರುತ್ತಿರಲಿಲ್ಲ.

“ನೀವ ನಡೀರಿ,” ಎಂದ. “ನಾ ಇಲ್ಲೆ ಮಕ್ಕೊಂಡಿರ್ತೀನಿ. ಹೊಳ್ಳಿ ಬರೂಮಟ ಕಾಯ್ತೀನಿ.”

ಸ್ನೇಹಲ ಬಗ್ಗಿ ಬೂಟಿನ ದಾರ ಬಿಗಿದಳು. ಅವಳ ಮುಖ ಯಾರಿಗೂ ಕಾಣಲಿಲ್ಲ. “ಹಂಗಾರ ಮಕ್ಕೊರಿ,” ಎಂದಳು. “ಮ್ಯಾಲ ಇನ್ನೊಂದ ಗವಿ ಐತಿ. ನೋಡಿ ಬರ್ತೀನಿ.”

ಗುಂಪು ಹೋಯಿತು. ಇನ್ನೊಂದು ಗವಿ ಎಂದು ಕೇಳಿದ ಮೇಲೆ ಹೆಂಗಸರೂ ಹೋದರು. ದಾದಾಸಾಹೇಬ ಒಡೆದ ಕಾಯಿಗಳ ಪಕ್ಕದಲ್ಲಿ ಚೀಲ ತಲೆಗಿಟ್ಟು ಮಲಗಿದ. ನೀರು ಬೀಳುತ್ತಿತ್ತು. ನಿದ್ದೆ ಬಂದಾಗ, ಜೀವನದಲ್ಲಿ ಮೊದಲ ಸಲ, ಅವನಿಗೆ ಕಾಡು ಕಾಣಲಿಲ್ಲ, ನೀರು ಕಾಣಲಿಲ್ಲ. ಒಂದು ಮಾಳಿಗೆ ಕಂಡಿತು. ಬಟ್ಟೆ ಒಣಹಾಕಿದ್ದರು. ಯಾರೋ ಕೆಳಗಿನಿಂದ ಮೆಟ್ಟಿಲು ಹತ್ತಿ ಬರುತ್ತಿದ್ದರು, ಅವಸರವಿಲ್ಲದೆ, ಮತ್ತು ಅವನು ಆ ಹೆಜ್ಜೆಗಳನ್ನು ಕೇಳುತ್ತ ಇದ್ದ.

ಕೋಲಿನ ತುದಿ ಭುಜಕ್ಕೆ ತಾಕಿತು. ಪರದೆಯ ಆಚೆಯ ಬೆಳಕು ಹಳದಿಗೆ ತಿರುಗಿತ್ತು. ಸ್ನೇಹಲ ನಿಂತಿದ್ದಳು, ಮೊಣಕಾಲವರೆಗೆ ಕೆಸರು, ಕೂದಲಲ್ಲಿ ಎಲೆ.

“ಇಲ್ಲೇ ಅದೀರಲ್ಲ,” ಎಂದಳು.

“ಕಾಯ್ತೀನಿ ಅಂದಿದ್ನಲ್ಲರಿ.”

ಅವಳು ಒಂದು ಹೋಳು ಕಾಯಿ ಎತ್ತಿಕೊಂಡು ಕಚ್ಚಿ, ನಿಧಾನವಾಗಿ ಅಗಿದು ನುಂಗಿದಳು. “ಪಪ್ಪಾಗ ಫೋನ್ ಮಾಡಬೇಕು,” ಎಂದಳು. “ಹುಡುಗಗ ವೈರಾಗ್ಯ ಬಂದಿಲ್ಲ, ನಿದ್ದಿ ಬಂದಿತ್ತು ಅಂತ ಹೇಳ್ತೀನಿ. ನಾ ಹೂಂ ಅಂದೀನಿ ಅಂತನೂ ಹೇಳ್ತೀನಿ. ಆದರ ಇಲ್ಲಿ ನೆಟ್‌ವರ್ಕ್ ಇಲ್ಲ.”

“ಎಲ್ಲಿ ಸಿಗತೈತ್ರಿ?”

“ಕೆಳಗ. ಐದ ಕಿಲೋಮೀಟರ.”

ಊದಿದ ಕಾಲಿನ ಅವನನ್ನು ಹೊತ್ತುಕೊಂಡು ಇಳಿಯುವುದೆಂದು, ಮೇಲಿನ ಗವಿಯಿಂದ ವಾಪಸು ಬಂದ ಹೆಂಗಸರು ಅಷ್ಟೊತ್ತಿಗೆ ಒಂದು ಸೀರೆಯನ್ನು ಎರಡು ಕೋಲಿಗೆ ಕಟ್ಟಿ ಜೋಲಿ ಮಾಡಿದ್ದರು. ಕೆಂಚವ್ವ ಗಂಟು ಬಿಗಿದು ತಲೆ ಎತ್ತಿ ನೋಡಿದರೆ ಗವಿಯಲ್ಲಿ ದಾದಾಸಾಹೇಬ ಇರಲಿಲ್ಲ. ಅವನು ಬಂಡೆ ದಾಟಿ, ನೀರು ದಾಟಿ, ಎಲ್ಲರಿಗಿಂತ ಮುಂದೆ ಹೋಗಿದ್ದ.